ಅಗ್ಗದ ಲಿಥಿಯಂ ಬ್ಯಾಟರಿ, ಆಫ್-ಗ್ರಿಡ್ ಇನ್ವರ್ಟರ್: ಎರಡನ್ನೂ ಮಾತಾಡಿಸುವುದು ಹೇಗೆ

ದಪ್ಪ ಕೇಬಲ್ ಜೋಡಿಸಿ ಆಯಿತು, ಇನ್ವರ್ಟರ್ ಆನ್ ಆಯಿತು, ದೀಪವೂ ಉರಿಯಿತು. ಬ್ಯಾಟರಿ ಜೊತೆ ಬಂದ ಸಣ್ಣ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ಮಾತ್ರ ಏನೂ ಆಗುವುದಿಲ್ಲ. ಇಲ್ಲವೇ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ. ಕಡಿಮೆ ಬೆಲೆಯ ಲಿಥಿಯಂ ಬ್ಯಾಟರಿ ತಂದವರು ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಬ್ಯಾಟರಿಯೇ ಕೆಟ್ಟಿದೆ ಅಂತ ವಾಪಸ್ ಕಳಿಸುವವರೂ ಇದ್ದಾರೆ. ಹೆಚ್ಚಿನ ಸಲ ಬ್ಯಾಟರಿಯೂ ಸರಿ ಇರುತ್ತದೆ, ಇನ್ವರ್ಟರೂ ಸರಿ ಇರುತ್ತದೆ. ನಡುವಿನ ತಂತಿಯೋ, ವಿಳಾಸವೋ (ಪ್ಯಾಕಿಗೆ ಕೊಟ್ಟ ಸಂಖ್ಯೆ), ಪ್ರೋಟೋಕಾಲೋ (ಎರಡೂ ಮಾತಾಡುವ ಭಾಷೆ) ಒಂದಕ್ಕೊಂದು ಹೊಂದಿರುವುದಿಲ್ಲ, ಅಷ್ಟೇ.

ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಬೇಕು. ಮೊದಲು ತಂತಿ, ಆಮೇಲೆ ವಿಳಾಸ, ಕೊನೆಗೆ ಪ್ರೋಟೋಕಾಲ್. ತಂತಿ ಸರಿ ಇದೆ ಅಂತ ಖಚಿತವಾಗದೆ ಮೆನುವಿನಲ್ಲಿ ಪ್ರೋಟೋಕಾಲ್ ಬದಲಾಯಿಸುತ್ತಾ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಬರೆದಿಟ್ಟುಕೊಳ್ಳಿ.

ಇಲ್ಲಿರುವ ಅಂಕಿಗಳು 16 ಸೆಲ್‌ಗಳ, 51.2 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್‌ನವು. ನಿಮ್ಮದು 15 ಸೆಲ್‌ನ 48 ವೋಲ್ಟ್ ಪ್ಯಾಕ್ ಆಗಿದ್ದರೆ ಒಂದು ಸೆಲ್‌ಗೆ ಹೇಳಿದ ವೋಲ್ಟೇಜನ್ನು 15ರಿಂದ ಗುಣಿಸಿಕೊಳ್ಳಿ.

ಇಷ್ಟೆಲ್ಲ ಯಾಕೆ ಬೇಕು?

ಕೇಬಲ್ ಇಲ್ಲದಿದ್ದರೂ ಬ್ಯಾಟರಿ ಕೆಲಸ ಮಾಡುತ್ತದೆ ಅಲ್ವಾ, ಅಂತ ಕೇಳಬಹುದು. ಮಾಡುತ್ತದೆ. ಬ್ಯಾಟರಿಯೊಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ನಿಯಂತ್ರಿಸುವ ಬೋರ್ಡ್, ತನ್ನ ಪಾಡಿಗೆ ತಾನು ಸೆಲ್‌ಗಳನ್ನು ಕಾಯುತ್ತಲೇ ಇರುತ್ತದೆ. ಆದರೆ ಇನ್ವರ್ಟರಿಗೆ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ವೋಲ್ಟೇಜ್ ನೋಡಿ ಊಹೆ ಮಾಡುವುದೊಂದೇ ಅದಕ್ಕಿರುವ ದಾರಿ. ಈ ಜಾತಿಯ ಸೆಲ್‌ನಲ್ಲಿ ಆ ಊಹೆ ನಿಲ್ಲುವುದಿಲ್ಲ. ಅರ್ಧ ಖಾಲಿಯಾದ ಸೆಲ್ಲೂ ಮುಕ್ಕಾಲು ತುಂಬಿದ ಸೆಲ್ಲೂ ಹೆಚ್ಚು ಕಡಿಮೆ 3.3 ವೋಲ್ಟ್ ಆಸುಪಾಸಿನಲ್ಲೇ ಇರುತ್ತವೆ. ಒಂದು ಮೋಟಾರ್ ಚಾಲೂ ಆದರೆ ಕುಸಿಯುವ ವೋಲ್ಟೇಜ್ ಈ ವ್ಯತ್ಯಾಸಕ್ಕಿಂತ ಜಾಸ್ತಿ.

ಆದರೂ ಶೇಕಡಾ ಎಷ್ಟು ತುಂಬಿದೆ ಅಂತ ಪರದೆಯಲ್ಲಿ ಕಾಣುವುದು ನನ್ನ ಪ್ರಕಾರ ಎರಡನೇ ಲಾಭ. ಮೊದಲನೆಯದು, ಬ್ಯಾಟರಿ ತನ್ನ ಮಿತಿಯನ್ನು ತಾನೇ ಹೇಳುವುದು. ಎಷ್ಟು ವೋಲ್ಟ್‌ವರೆಗೆ ಚಾರ್ಜ್ ಮಾಡಬಹುದು, ಈ ಕ್ಷಣಕ್ಕೆ ಎಷ್ಟು ಆಂಪ್ ಒಳಗೆ ಬಿಡಬಹುದು, ಎಷ್ಟು ಹೊರಗೆ ತೆಗೆಯಬಹುದು, ಎಲ್ಲವನ್ನೂ ಅದು ಇನ್ವರ್ಟರಿಗೆ ತಿಳಿಸುತ್ತದೆ.

ಅಗ್ಗದ ಪ್ಯಾಕ್‌ಗೆ ಇದು ಇನ್ನೂ ಮುಖ್ಯ. ಅದರಲ್ಲಿ ಸೆಲ್‌ಗಳು ಒಂದಕ್ಕೊಂದು ಚೆನ್ನಾಗಿ ಹೊಂದಿರುವ ಖಾತ್ರಿ ಕಡಿಮೆ. ಮಧ್ಯಾಹ್ನ ಸೋಲಾರ್‌ನಿಂದ 80 ಆಂಪ್ ಒಳಗೆ ಬರುತ್ತಿದೆ ಅಂದುಕೊಳ್ಳಿ. 15 ಸೆಲ್‌ಗಳು 3.42ರಲ್ಲಿವೆ, ಒಂದೇ ಒಂದು 3.65 ಮುಟ್ಟಿಬಿಡುತ್ತದೆ. ಬಿಎಂಎಸ್ ಆ ಕ್ಷಣವೇ ಚಾರ್ಜ್ ದಾರಿ ಕಡಿಯುತ್ತದೆ. ಹರಿಯುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲದೆ ಇನ್ವರ್ಟರ್ ಕಡೆಯ ವೋಲ್ಟೇಜ್ ಥಟ್ಟನೆ ಮೇಲೇರುತ್ತದೆ. ಇನ್ವರ್ಟರ್ ಹೈ-ವೋಲ್ಟೇಜ್ ಎರರ್ ಕೊಟ್ಟು ನಿಲ್ಲಬಹುದು. ಹೊರಗೆ ಸುಡು ಬಿಸಿಲು, ಒಳಗೆ ಕತ್ತಲೆ. ಎರಡರ ನಡುವೆ ಮಾತು ನಡೆಯುತ್ತಿದ್ದರೆ ಬಿಎಂಎಸ್ ಮುಂಚೆಯೇ ‘ಇನ್ನು 20 ಆಂಪ್ ಸಾಕು, ಇನ್ನು 5 ಸಾಕು’ ಅಂತ ಇಳಿಸುತ್ತಾ ಬರುತ್ತದೆ. ಕಡಿಯುವ ಪ್ರಸಂಗವೇ ಬರುವುದಿಲ್ಲ.

ಕೈ ಹಾಕುವ ಮುಂಚೆ

ಬ್ಯಾಟರಿಯ ಮೇಲಿನ ಬ್ರ್ಯಾಂಡ್ ಹೆಸರು ಇಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಒಳಗಿರುವ ಬಿಎಂಎಸ್ ಯಾರದು ಅನ್ನುವುದೇ ಮುಖ್ಯ. ಕಡಿಮೆ ಬೆಲೆಯ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಜೆಕೆ, ಡಾಲಿ, ಪೇಸ್, ಸೆಪ್ಲೋಸ್, ಜೆಬಿಡಿ ಇವುಗಳಲ್ಲಿ ಒಂದು ಇರುತ್ತದೆ. ಮಾರಿದವರು ಯಾವ ಮೊಬೈಲ್ ಆ್ಯಪ್ ಅಥವಾ ಕಂಪ್ಯೂಟರ್ ಸಾಫ್ಟ್‌ವೇರ್ ಬಳಸಲು ಹೇಳುತ್ತಾರೋ ಅದರಿಂದಲೇ ಒಳಗಿನದು ಯಾವುದೆಂದು ತಿಳಿಯುತ್ತದೆ. ಅದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಇನ್ವರ್ಟರ್ ಕತೆಯೂ ಅದೇ. ಒಂದೇ ವೋಲ್ಟ್ರಾನಿಕ್ ಯಂತ್ರ ಬೇರೆ ಬೇರೆ ಹೆಸರಿನ ಲೇಬಲ್ ಹೊತ್ತು ಬರುತ್ತದೆ. ನಿಮ್ಮ ಇನ್ವರ್ಟರಿನ ಮೆನು ವೋಲ್ಟ್ರಾನಿಕ್‌ನದೇ ಆದ ಆಕ್ಸ್‌ಪರ್ಟ್ ಮಾದರಿಯ ಮೆನುವಿನ ಹಾಗೇ ಕಂಡರೆ ಅದರ ಮ್ಯಾನುಯಲ್ ನಿಮಗೂ ನೆರವಾಗುತ್ತದೆ.

ಆ್ಯಪ್‌ನ ಪ್ರತಿ ಸೆಟ್ಟಿಂಗ್ ಪುಟ, ಇನ್ವರ್ಟರಿನ ಪ್ರತಿ ಪ್ರೋಗ್ರಾಂ ಸಂಖ್ಯೆ (ಮೆನುವಿನ ಸೆಟ್ಟಿಂಗ್ ಸಂಖ್ಯೆ), ಪ್ಯಾಕಿನ ಪೋರ್ಟ್‌ಗಳ ಪಕ್ಕದ ಪುಟ್ಟ ಡಿಪ್ ಸ್ವಿಚ್‌ಗಳ ಈಗಿನ ಸ್ಥಿತಿ, ಎಲ್ಲವನ್ನೂ ಮೊದಲೇ ಫೋಟೋ ತೆಗೆದಿಡಿ. ಹತ್ತಿರ ಒಂದು ಮಲ್ಟಿಮೀಟರ್, ಆರ್‌ಜೆ45 (ನೆಟ್‌ವರ್ಕ್ ಕೇಬಲ್ ತುದಿಯ ಎಂಟು ಪಿನ್ ಕನೆಕ್ಟರ್) ಕೂರಿಸುವ ಕ್ರಿಂಪಿಂಗ್ ಟೂಲ್, ನಾಲ್ಕಾರು ಕನೆಕ್ಟರ್, ಒಂದು ತುಂಡು ನೆಟ್‌ವರ್ಕ್ ಕೇಬಲ್ ಇರಲಿ. ಆರ್‌ಜೆ45ರ ಎಂಟೂ ತಂತಿಯನ್ನು ಸ್ಕ್ರೂಗಳಿಗೆ ಬಿಡಿಸಿಕೊಡುವ ಸಣ್ಣ ಬ್ರೇಕ್‌ಔಟ್ ಬೋರ್ಡ್ ಸಿಗುತ್ತದೆ. ಅದೊಂದಿದ್ದರೆ ಬಹಳ ಸಮಯ ಉಳಿಯುತ್ತದೆ.

ಎಚ್ಚರಿಕೆ ಒಂದೇ ಮಾತಿನಲ್ಲಿ: ಈ ಪ್ಯಾಕ್ ಶಾರ್ಟ್ ಆದರೆ ಸಾವಿರಾರು ಆಂಪ್ ಹರಿಯಬಲ್ಲದು. ಉಂಗುರ, ಕೈಗಡಿಯಾರ ತೆಗೆದಿಡಿ, ಪ್ಯಾಕಿನ ಮುಚ್ಚಳ ಬಿಚ್ಚಬೇಡಿ. ಇಲ್ಲಿನ ಯಾವ ಕೆಲಸಕ್ಕೂ ಅದರ ಅಗತ್ಯವಿಲ್ಲ.

ತಂತಿ: ಹೆಚ್ಚಿನ ತೊಂದರೆ ಇಲ್ಲೇ

ಎರಡೂ ಕಡೆ ಆರ್‌ಜೆ45 ಸಾಕೆಟ್ ಇದೆ, ಮಾಮೂಲಿ ನೆಟ್‌ವರ್ಕ್ ಕೇಬಲ್ ಸರಿಯಾಗಿ ಕೂರುತ್ತದೆ. ಹಾಗಂತ ತಂತಿ ಸರಿಯಾದ ಕಡೆ ಹೋಗಿದೆ ಅಂತ ಅರ್ಥವಲ್ಲ. ಎಂಟು ಪಿನ್‌ಗಳಲ್ಲಿ ನಮಗೆ ಬೇಕಾದದ್ದು ಎರಡೇ. ಆ ಎರಡು ಯಾವುವು ಅನ್ನುವುದನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಇಟ್ಟಿದ್ದಾನೆ.

ಮೊದಲು ಯಾವ ಬಗೆಯ ಸಂಪರ್ಕ ಅಂತ ನೋಡಿ. ಒಂದು ಕ್ಯಾನ್, ಇನ್ನೊಂದು ಆರ್‌ಎಸ್485. ಕ್ಯಾನ್‌ನಲ್ಲಿ ಎಚ್ ಮತ್ತು ಎಲ್ ಅನ್ನುವ ಎರಡು ತಂತಿ, ಆರ್‌ಎಸ್485ರಲ್ಲಿ ಎ ಮತ್ತು ಬಿ. ಬ್ಯಾಟರಿಯ ಕ್ಯಾನ್ ಅನ್ನು ಇನ್ವರ್ಟರಿನ ಆರ್‌ಎಸ್485ಗೆ ಕೂಡಿಸಿದರೆ ಎಂದಿಗೂ ಕೆಲಸ ಆಗುವುದಿಲ್ಲ. ಎರಡೂ ಸಾಧನದಲ್ಲಿ ಎರಡೂ ಬಗೆ ಇದ್ದರೆ ನಾನು ಕ್ಯಾನ್ ಆರಿಸುತ್ತೇನೆ. ಅದರಲ್ಲಿ ವೇಗದ ಗೊಂದಲ ಕಡಿಮೆ, ತಪ್ಪು ಹಿಡಿಯುವುದೂ ಸುಲಭ.

ಪಿನ್ ಎಣಿಸುವುದನ್ನು ಮೊದಲು ಸರಿ ಮಾಡಿಕೊಳ್ಳಿ. ಕನೆಕ್ಟರಿನ ಪ್ಲಾಸ್ಟಿಕ್ ಲಾಕ್ ಹಿಂದಕ್ಕಿರಲಿ, ಚಿನ್ನದ ಬಣ್ಣದ ಪಟ್ಟಿಗಳು ನಿಮ್ಮ ಕಡೆಗಿರಲಿ, ಕೇಬಲ್ ಕೆಳಕ್ಕೆ ಇಳಿದಿರಲಿ. ಆಗ ಎಡತುದಿಯದ್ದು 1, ಬಲತುದಿಯದ್ದು 8.

ಕೆಲವು ಪರಿಚಿತ ಸಾಧನಗಳ ಪಿನ್‌ಗಳು ಹೀಗಿವೆ. ಪೈಲಾನ್‌ಟೆಕ್ ಪ್ಯಾಕಿನಲ್ಲಿ ಕ್ಯಾನ್-ಎಚ್ 4, ಕ್ಯಾನ್-ಎಲ್ 5. ಆರ್‌ಎಸ್485 ಎ 7, ಬಿ 8. ಬಹಳಷ್ಟು ಅಗ್ಗದ ಪ್ಯಾಕ್‌ಗಳು ಇದನ್ನೇ ಅನುಸರಿಸುತ್ತವೆ. ಗ್ರೋವ್ಯಾಟ್ ಎಸ್‌ಪಿಎಫ್ ಸಾಲಿನ ಇನ್ವರ್ಟರಿನ ಬಿಎಂಎಸ್ ಪೋರ್ಟ್‌ನಲ್ಲಿ ಕ್ಯಾನ್ 4 ಮತ್ತು 5, ಆರ್‌ಎಸ್485 ಬಿ 1, ಎ 2. ಆಕ್ಸ್‌ಪರ್ಟ್ ವಿಎಂ ಮೂರನೇ ತಲೆಮಾರಿನಂಥ ವೋಲ್ಟ್ರಾನಿಕ್ ಯಂತ್ರಗಳಲ್ಲಿ ಆರ್‌ಎಸ್485 ಬಿ 3, ಎ 5. ಕ್ಯಾನ್-ಎಚ್ 6, ಎಲ್ 7. ವಿಕ್ಟ್ರಾನ್‌ನ ವಿಇ.ಕ್ಯಾನ್ ಪೋರ್ಟ್‌ನಲ್ಲಿ ಕ್ಯಾನ್-ಎಚ್ 7, ಎಲ್ 8, ಗ್ರೌಂಡ್ 3.

ಇದನ್ನು ನೋಡಿದರೇ ವಿಷಯ ಗೊತ್ತಾಗುತ್ತದೆ. 4-5ರಲ್ಲಿ ಕ್ಯಾನ್ ಇರುವ ಬ್ಯಾಟರಿಯನ್ನು ಗ್ರೋವ್ಯಾಟ್‌ಗೆ ಕೂಡಿಸುವಾಗ ಮಾಮೂಲಿ ನೇರ ಕೇಬಲ್ ಸಾಕು. ಅದೇ ಬ್ಯಾಟರಿಯನ್ನು ವೋಲ್ಟ್ರಾನಿಕ್‌ಗೆ ಆರ್‌ಎಸ್485ರಲ್ಲಿ ಕೂಡಿಸಬೇಕಾದರೆ ಬ್ಯಾಟರಿಯ 7 ಇನ್ವರ್ಟರಿನ 5ಕ್ಕೆ, 8 ಅಲ್ಲಿನ 3ಕ್ಕೆ ಹೋಗಬೇಕು. ಅಂಥ ಕೇಬಲ್ ನೀವೇ ಮಾಡಿಕೊಳ್ಳಬೇಕಾಗುತ್ತದೆ. ನಿಮ್ಮ ಮಾದರಿಯ ಮ್ಯಾನುಯಲ್‌ನಲ್ಲಿರುವ ಪಿನ್ ಪಟ್ಟಿ ಬೇರೆಯಾಗಿದ್ದರೆ ಅದನ್ನೇ ನಂಬಿ.

ಕೇಬಲ್ ಮಾಡುವಾಗ ಒಂದು ಸೂಕ್ಷ್ಮವಿದೆ. ನೆಟ್‌ವರ್ಕ್ ಕೇಬಲಿನೊಳಗೆ ತಂತಿಗಳು ಜೋಡಿ ಜೋಡಿಯಾಗಿ ಹೊಸೆದಿರುತ್ತವೆ. ಹೊರಗಿನ ವಿದ್ಯುತ್ ಗದ್ದಲ ಒಳಗೆ ನುಗ್ಗದಿರಲು ಆ ಹೊಸೆತವೇ ಕಾವಲು. ಮಾಮೂಲಿ ‘ಬಿ’ ಬಣ್ಣದ ಕ್ರಮದಲ್ಲಿ 4 ಮತ್ತು 5 ನೀಲಿ ಜೋಡಿ, 7 ಮತ್ತು 8 ಕಂದು ಜೋಡಿ. ಹಾಗಾಗಿ ಇವು ತಾವಾಗಿಯೇ ಸರಿ ಇವೆ. ಆದರೆ 3 ಮತ್ತು 5 ಬೇರೆ ಬೇರೆ ಜೋಡಿಯವು. ಆ ಪಿನ್‌ಗಳಿಗೆ ಕೇಬಲ್ ಮಾಡುವಾಗ ಬಣ್ಣದ ಕ್ರಮ ಮರೆತು, ಒಂದೇ ಜೋಡಿಯ ಎರಡು ತಂತಿಗಳನ್ನೇ, ಉದಾಹರಣೆಗೆ ಕಂದು ಮತ್ತು ಬಿಳಿ-ಕಂದು, ಎರಡೂ ತುದಿಯಲ್ಲಿ ಬೇಕಾದ ಪಿನ್‌ಗೆ ಹಾಕಿ. ಉಳಿದ ಆರು ತಂತಿಗಳನ್ನು ಕತ್ತರಿಸಿಬಿಡಿ. ಇನ್ವರ್ಟರಿನ ಕೆಲವು ಪೋರ್ಟ್‌ಗಳಲ್ಲಿ ವೈಫೈ ಡಾಂಗಲ್‌ಗೆಂದು ವಿದ್ಯುತ್ ಬಿಟ್ಟಿರುತ್ತಾರೆ. ಬೇಡದ ತಂತಿ ಅಲ್ಲಿಗೆ ತಗುಲಿದರೆ ಬಿಎಂಎಸ್‌ನ ಸಂಪರ್ಕ ಚಿಪ್ ಹೋಗಬಹುದು. ಇದೇ ಕಾರಣಕ್ಕೆ ಬಿಎಂಎಸ್ ಅಂತ ಬರೆದಿರುವ ಪೋರ್ಟ್ ಬಿಟ್ಟು ಬೇರೆ ಆರ್‌ಜೆ45 ರಂಧ್ರಕ್ಕೆ ಸುಮ್ನೆ ಸಿಕ್ಕಿಸಿ ನೋಡಬಾರದು. ರೂಟರ್‌ಗಂತೂ ಬೇಡವೇ ಬೇಡ.

ಈಗ ಮಲ್ಟಿಮೀಟರ್. ಕ್ಯಾನ್ ತಂತಿಯ ಎರಡೂ ತುದಿಯಲ್ಲಿ ಒಂದೊಂದು 120 ಓಮ್ ರೆಸಿಸ್ಟರ್ ಇರಬೇಕು ಅನ್ನುವುದು ನಿಯಮ. ಹೆಚ್ಚಿನ ಸಾಧನಗಳಲ್ಲಿ ಅದು ಒಳಗೇ ಇರುತ್ತದೆ. ಬ್ಯಾಟರಿ, ಇನ್ವರ್ಟರ್ ಎರಡನ್ನೂ ಪೂರ್ತಿ ಆಫ್ ಮಾಡಿ, ಸಂಪರ್ಕದ ಕೇಬಲ್ ಮಾತ್ರ ಸಿಕ್ಕಿಸಿಟ್ಟು, ಎಚ್ ಮತ್ತು ಎಲ್ ನಡುವೆ ಓಮ್ ಅಳೆಯಿರಿ. 60 ಬಂದರೆ ತಂತಿ ಎರಡೂ ಕಡೆ ಮುಟ್ಟಿದೆ, ಎಲ್ಲ ಸರಿ. 120 ಬಂದರೆ ಒಂದು ಕಡೆ ಮಾತ್ರ ರೆಸಿಸ್ಟರ್ ಸಿಗುತ್ತಿದೆ: ಒಂದೋ ಇನ್ನೊಂದು ತುದಿ ತಪ್ಪು ಪಿನ್‌ನಲ್ಲಿದೆ, ಇಲ್ಲವೇ ಆ ಸಾಧನದಲ್ಲಿ ರೆಸಿಸ್ಟರೇ ಇಲ್ಲ. 40 ಬಂದರೆ ಮೂರು ರೆಸಿಸ್ಟರ್ ಸೇರಿಕೊಂಡಿವೆ, ಒಂದನ್ನು ತೆಗೆಯಬೇಕು. ಮೀಟರ್ ಏನೂ ತೋರಿಸದಿದ್ದರೆ ಪಿನ್ ಎರಡೂ ಕಡೆ ತಪ್ಪಿದೆ, ಅಥವಾ ಕ್ರಿಂಪ್ ಹಿಡಿದಿಲ್ಲ. ಎರಡು ಕ್ಷಣದ ಈ ಅಳತೆ ಹತ್ತು ಊಹೆಗಳನ್ನು ಉಳಿಸುತ್ತದೆ.

ಆಮೇಲೆ ಆನ್ ಮಾಡಿ ಡಿಸಿ ವೋಲ್ಟ್ ನೋಡಿ. ಸಂಪರ್ಕದ ಗ್ರೌಂಡ್‌ಗೆ ಹೋಲಿಸಿದರೆ ಎರಡೂ ತಂತಿ 2.5 ವೋಲ್ಟ್ ಸುತ್ತಮುತ್ತ ಇರುತ್ತವೆ. ಮಾತು ಹರಿಯುತ್ತಿದ್ದರೆ ಎಚ್ ಸ್ವಲ್ಪ ಮೇಲೆ, ಎಲ್ ಸ್ವಲ್ಪ ಕೆಳಗೆ. ಸೊನ್ನೆ ಕಂಡರೆ ಆ ಪೋರ್ಟ್ ಮಲಗಿದೆ ಅಂತಲೇ ಅರ್ಥ.

ಆರ್‌ಎಸ್485ರಲ್ಲಿ ಇಷ್ಟು ಸುಲಭದ ಪರೀಕ್ಷೆ ಇಲ್ಲ. ಅಲ್ಲಿ ಎ, ಬಿ ಹೆಸರುಗಳನ್ನೇ ಕೆಲವರು ಅದಲು ಬದಲು ಬರೆಯುತ್ತಾರೆ. ಪಿನ್ ಸರಿ ಇದ್ದೂ ಮಾತು ಬರದಿದ್ದರೆ ಒಂದು ತುದಿಯಲ್ಲಿ ಎರಡು ತಂತಿಗಳನ್ನು ಅದಲಿಸಿ ನೋಡಿ. ಇದರಿಂದ ಏನೂ ಸುಡುವುದಿಲ್ಲ.

ವಿಳಾಸ: ಸಣ್ಣ ಸ್ವಿಚ್‌ಗಳ ಕೆಲಸ

ಪೋರ್ಟ್‌ಗಳ ಪಕ್ಕದಲ್ಲಿ ನಾಲ್ಕೋ ಆರೋ ಪುಟ್ಟ ಡಿಪ್ ಸ್ವಿಚ್‌ಗಳಿರುತ್ತವೆ. ಹಲವು ಪ್ಯಾಕ್‌ಗಳಿದ್ದಾಗ ಯಾವುದು ಯಜಮಾನ, ಯಾವುದು ಹಿಂಬಾಲಕ ಅಂತ ಇವು ಹೇಳುತ್ತವೆ. ಇನ್ವರ್ಟರ್ ಜೊತೆ ಮಾತಾಡುವುದು ಯಜಮಾನ ಪ್ಯಾಕ್ ಮಾತ್ರ. ಜೆಕೆಯಲ್ಲಿ ಯಜಮಾನನ ವಿಳಾಸ 0, ಅಂದರೆ ಎಲ್ಲ ಸ್ವಿಚ್ ಆಫ್. ಇನ್ನು ಕೆಲವರಲ್ಲಿ ಅದು 1. ಸ್ವಿಚ್‌ಗಳು ಬೈನರಿ ಲೆಕ್ಕದಲ್ಲಿವೆ: ಮೊದಲನೆಯದಕ್ಕೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 8. ವಿಳಾಸ 3 ಬೇಕಿದ್ದರೆ ಮೊದಲೆರಡು ಆನ್.

ಇಬ್ಬರಿಗೆ ಒಂದೇ ವಿಳಾಸ ಇರಬಾರದು. ಸ್ವಿಚ್ ಬದಲಾಯಿಸಿದ ಮೇಲೆ ಬಿಎಂಎಸ್ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ ಬಹಳ ಬಿಎಂಎಸ್‌ಗಳು ಹಳೆಯ ವಿಳಾಸದಲ್ಲೇ ಇರುತ್ತವೆ. ಹಲವು ಪ್ಯಾಕ್ ಇದ್ದರೂ ಮೊದಲು ಒಂದೇ ಪ್ಯಾಕ್ ಇಟ್ಟುಕೊಂಡು ಮಾತು ಶುರು ಮಾಡಿಸಿ. ಅದು ನಿಂತ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಿ. ಪ್ಯಾಕ್‌ನಿಂದ ಪ್ಯಾಕ್‌ಗೆ ಹೋಗುವ ಕೇಬಲ್ ಬೇರೆ, ಇನ್ವರ್ಟರಿಗೆ ಹೋಗುವುದು ಬೇರೆ. ಪೋರ್ಟ್‌ನ ಹೆಸರು ಓದಿ ಸಿಕ್ಕಿಸಿ.

ಬೇರೆ ಬೇರೆ ಬಿಎಂಎಸ್ ಇರುವ ಪ್ಯಾಕ್‌ಗಳು ಹೀಗೆ ಸರಪಳಿಯಾಗಿ ಮಾತಾಡುವುದಿಲ್ಲ. ಒಂದನ್ನು ಮಾತ್ರ ಇನ್ವರ್ಟರಿಗೆ ಕೂಡಿಸಿದರೆ ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಆ ಒಂದು ‘ನನಗೆ ತುಂಬಿತು’ ಅಂದರೆ ಉಳಿದವು ಹಸಿದಿದ್ದರೂ ಚಾರ್ಜ್ ನಿಲ್ಲುತ್ತದೆ. ಅಂಥ ಬೆರಕೆ ಬ್ಯಾಂಕ್ ಇರುವವರು ಕೊನೆಯಲ್ಲಿ ಹೇಳಿರುವ ವೋಲ್ಟೇಜ್ ವಿಧಾನಕ್ಕೇ ಹೋಗುವುದು ಒಳ್ಳೆಯದು.

ಪ್ರೋಟೋಕಾಲ್: ಎರಡೂ ಕಡೆ ಒಂದೇ ಇರಬೇಕು

ತಂತಿ, ವಿಳಾಸ ಸರಿಯಾದ ಮೇಲೆ ಬಿಎಂಎಸ್ ಕಡೆ ಪ್ರೋಟೋಕಾಲ್ ಆರಿಸಿ. ಕೆಲವದರಲ್ಲಿ ಪ್ಯಾಕಿನ ಪರದೆಯಲ್ಲೇ ಆಯ್ಕೆ ಇರುತ್ತದೆ. ಜೆಕೆಯಲ್ಲಿ ಬ್ಲೂಟೂತ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಕ್ಯಾನ್‌ಗೆ ಒಂದು ಸಂಖ್ಯೆ, ಆರ್‌ಎಸ್485ಗೆ ಇನ್ನೊಂದು ಸಂಖ್ಯೆ. ಪೇಸ್, ಸೆಪ್ಲೋಸ್‌ನ ಹಳೆಯ ಮಾದರಿಗಳಿಗೆ ಕಂಪ್ಯೂಟರ್ ಸಾಫ್ಟ್‌ವೇರ್ ಮತ್ತು ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ. ಯಾವ ಸಂಖ್ಯೆ ಯಾವ ಇನ್ವರ್ಟರಿಗೆ ಅನ್ನುವುದು ಫರ್ಮ್‌ವೇರ್ ಬದಲಾದಂತೆ ಬದಲಾಗುತ್ತದೆ. ಆದ್ದರಿಂದ ನಿಮ್ಮ ಫರ್ಮ್‌ವೇರ್ ಆವೃತ್ತಿಯದೇ ಪಟ್ಟಿಯನ್ನು ಮಾರಿದವರಿಂದ ಕೇಳಿ ಪಡೆಯಿರಿ.

ಯಾವುದು ಆರಿಸಬೇಕು ಅಂತ ತೋಚದಿದ್ದರೆ ಪೈಲಾನ್‌ಟೆಕ್ ಬ್ಯಾಟರಿಗಳ ಪ್ರೋಟೋಕಾಲ್‌ನಿಂದ ಶುರು ಮಾಡಿ. ಹೆಚ್ಚುಕಡಿಮೆ ಎಲ್ಲ ಆಫ್-ಗ್ರಿಡ್ ಇನ್ವರ್ಟರಿಗೂ ಅದು ಗೊತ್ತು, ಹೆಚ್ಚಿನ ಅಗ್ಗದ ಬಿಎಂಎಸ್‌ಗೂ ಗೊತ್ತು. ಕ್ಯಾನ್‌ನಲ್ಲಿ ಅದರ ವೇಗ ಸೆಕೆಂಡಿಗೆ 500 ಕಿಲೋಬಿಟ್. ಆರ್‌ಎಸ್485ರಲ್ಲಿ 9600 ಅಥವಾ 115200. ಎರಡೂ ಕಡೆ ಒಂದೇ ಇರಬೇಕು. ವಿಕ್ಟ್ರಾನ್‌ನಲ್ಲಿ ಆ ಪೋರ್ಟಿನ ವೇಗ 250ರಲ್ಲಿ ನಿಂತಿರಬಹುದು. ಮೆನುವಿನಲ್ಲಿ ಕ್ಯಾನ್-ಬಸ್ ಬಿಎಂಎಸ್, 500 ಕಿಲೋಬಿಟ್ ಅನ್ನುವ ಆಯ್ಕೆಗೆ ತನ್ನಿ.

ಇನ್ವರ್ಟರ್ ಕಡೆ, ವೋಲ್ಟ್ರಾನಿಕ್ ಜಾತಿಯಲ್ಲಿ ಪ್ರೋಗ್ರಾಂ 05ರಲ್ಲಿ ಬ್ಯಾಟರಿ ಬಗೆ ‘ಪಿವೈಎಲ್’, ಅಂದರೆ ಪೈಲಾನ್‌ಟೆಕ್, ಅಂತ ಇಡಬೇಕು. ಗ್ರೋವ್ಯಾಟ್ ಎಸ್‌ಪಿಎಫ್‌ನಲ್ಲಿ 05ರಲ್ಲಿ ಲಿಥಿಯಂ ಆರಿಸಿದ ಮೇಲೆ ಪ್ರೋಗ್ರಾಂ 36ರಲ್ಲಿ ಪ್ರೋಟೋಕಾಲ್ ಸಂಖ್ಯೆ ಕೊಡಬೇಕು. 1ರಿಂದ 50ರವರೆಗಿನವು ಆರ್‌ಎಸ್485, 51ರಿಂದ 99 ಕ್ಯಾನ್. ಕ್ಯಾನ್ ಕೇಬಲ್ ಹಾಕಿ ಇಲ್ಲಿ 1 ಅಂತ ಬಿಟ್ಟರೆ ಕೊನೆಯವರೆಗೂ ಮಾತು ಬರುವುದಿಲ್ಲ. ಲಿಥಿಯಂ ಆರಿಸಿದಾಗ ಬಹಳ ಇನ್ವರ್ಟರ್‌ಗಳಲ್ಲಿ ‘ಯಾವಾಗ ಬ್ಯಾಟರಿ ಬಿಡಬೇಕು, ಯಾವಾಗ ಮರಳಬೇಕು’ ಅನ್ನುವ ಸೆಟ್ಟಿಂಗ್ ವೋಲ್ಟ್‌ನಿಂದ ಶೇಕಡಾಕ್ಕೆ ಬದಲಾಗುತ್ತದೆ. ಅವನ್ನು ಹೊಸದಾಗಿ ತುಂಬಲು ಮರೆಯಬೇಡಿ.

ಬಿಎಂಎಸ್ ನಿಜಕ್ಕೂ ಏನು ಹೇಳುತ್ತಿದೆ ಅಂತ ಕಣ್ಣಾರೆ ನೋಡಬೇಕೇ? ಒಂದು ಯುಎಸ್‌ಬಿ-ಕ್ಯಾನ್ ಅಡಾಪ್ಟರ್ ಅನ್ನು ಅದೇ ಎಚ್, ಎಲ್ ತಂತಿಗೆ ಕೂಡಿಸಿ. ಅಡಾಪ್ಟರಿನದೇ 120 ಓಮ್ ಇದ್ದರೆ ತೆಗೆದಿಡಿ. ಪೈಲಾನ್‌ಟೆಕ್ ಕ್ಯಾನ್‌ನಲ್ಲಿ ಸುಮಾರು ಸೆಕೆಂಡಿಗೊಂದು ಸಲ ಒಂದು ಗುಂಪು ಫ್ರೇಮ್, ಅಂದರೆ ಪುಟ್ಟ ಸಂದೇಶಗಳು, ಬರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಹೆಕ್ಸ್ (16ರ ಆಧಾರದ) ಲೆಕ್ಕದ 351 ಸಂಖ್ಯೆಯದು. ಅದರೊಳಗೆ 30 02 20 03 40 06 ಅಂತ ಕಂಡಿತು ಅನ್ನಿ. ಎರಡೆರಡು ಬೈಟ್ ಹಿಡಿದು ತಿರುಗಿಸಿ ಓದಬೇಕು. 0230 ಅಂದರೆ ನಮ್ಮ ಲೆಕ್ಕದಲ್ಲಿ 560, ಹತ್ತರಿಂದ ಭಾಗಿಸಿದರೆ 56.0 ವೋಲ್ಟ್: ಚಾರ್ಜ್ ವೋಲ್ಟೇಜ್ ಮಿತಿ. 0320 ಅಂದರೆ 800, ಅಂದರೆ 80.0 ಆಂಪ್ ಚಾರ್ಜ್ ಮಿತಿ. 0640 ಅಂದರೆ 1600, 160.0 ಆಂಪ್ ಡಿಸ್ಚಾರ್ಜ್ ಮಿತಿ. ಬ್ಯಾಟರಿಯ ಬೇಡಿಕೆ ಪೂರ್ತಿಯಾಗಿ ಈ ಆರು ಬೈಟ್‌ನಲ್ಲಿದೆ.

355ರಲ್ಲಿ ಎಷ್ಟು ಶೇಕಡಾ ತುಂಬಿದೆ ಮತ್ತು ಬ್ಯಾಟರಿಯ ಆರೋಗ್ಯ, 356ರಲ್ಲಿ ಈಗಿನ ವೋಲ್ಟ್, ಆಂಪ್, ಉಷ್ಣತೆ, 359ರಲ್ಲಿ ಎಚ್ಚರಿಕೆಗಳು. 35ಸಿಯಲ್ಲಿ ಸಿ0 ಅಂತ ಕಂಡರೆ ಚಾರ್ಜ್, ಡಿಸ್ಚಾರ್ಜ್ ಎರಡಕ್ಕೂ ಒಪ್ಪಿಗೆ ಇದೆ. 35ಇಯಲ್ಲಿ ತಯಾರಕರ ಹೆಸರು ಇರುತ್ತದೆ. ಕೆಲವು ಸಾಧನಗಳು ಬ್ಯಾಟರಿ ಯಾವುದು ಅಂತ ಗುರುತಿಸುವುದು ಈ ಹೆಸರಿನಿಂದಲೇ. ಈ ಫ್ರೇಮ್‌ಗಳು ಬರುತ್ತಿದ್ದೂ ಇನ್ವರ್ಟರ್ ಒಪ್ಪದಿದ್ದರೆ ತೊಂದರೆ ಇನ್ವರ್ಟರಿನ ಆಯ್ಕೆಯಲ್ಲಿದೆ. ಫ್ರೇಮ್ ಬರುವುದೇ ಇಲ್ಲ ಅಂದರೆ ಬಿಎಂಎಸ್ ಆಯ್ಕೆಯಲ್ಲೋ ತಂತಿಯಲ್ಲೋ ಇದೆ. ಒಂದು ಮಾತು: ಕ್ಯಾನ್‌ನಲ್ಲಿ ಕೇಳುವವರು ಒಬ್ಬರಾದರೂ ‘ಸಿಕ್ಕಿತು’ ಅನ್ನಬೇಕು. ಇನ್ವರ್ಟರನ್ನು ತೆಗೆದು, ಅಡಾಪ್ಟರನ್ನು ಬರೀ ಆಲಿಸುವ ಸ್ಥಿತಿಯಲ್ಲಿಟ್ಟು ನೋಡಿದರೆ ಬ್ಯಾಟರಿ ಸರಿಯಾಗಿ ಮಾತಾಡಿದಂತೆ ಕಾಣುವುದಿಲ್ಲ.

ಮಾತು ಬಂತು, ಆದರೆ ಆಡುತ್ತಿರುವುದು ಸರಿಯೇ?

ಎರರ್ ಹೋಯಿತು, ಪರದೆಯಲ್ಲಿ ಶೇಕಡಾ ಬಂತು ಅಂತ ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಅಗ್ಗದ ಬ್ಯಾಟರಿಯಲ್ಲಿ ಇಲ್ಲಿಂದ ಮುಂದಿನದೇ ಮುಖ್ಯ ಅಂತ ನಾನು ಒತ್ತಿ ಹೇಳುತ್ತೇನೆ. ಬಿಎಂಎಸ್ ತಪ್ಪು ಮಿತಿ ಕಳಿಸಿದರೆ ಇನ್ವರ್ಟರ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ.

ಚಾರ್ಜ್ ವೋಲ್ಟೇಜ್ ಮಿತಿ ಎಷ್ಟು ಬರುತ್ತಿದೆ ನೋಡಿ. 58.4 ಅಂತ ಇದ್ದರೆ ಅದು ಸೆಲ್‌ಗೆ 3.65, ಅಂದರೆ ಬಿಎಂಎಸ್ ಕಡಿಯುವ ಅಂಚು. ಅಲ್ಲಿಯವರೆಗೆ ಒಯ್ಯುವುದರಲ್ಲಿ ಲಾಭವಿಲ್ಲ. 3.45ರಿಂದ 3.5ರ ಹೊತ್ತಿಗೆ ಈ ಸೆಲ್‌ಗಳು ತುಂಬಿರುತ್ತವೆ. ಆ್ಯಪ್‌ನಲ್ಲಿ ಬೇಡಿಕೆಯ ವೋಲ್ಟೇಜನ್ನು ಸೆಲ್‌ಗೆ 3.45ಕ್ಕೆ ಇಳಿಸಿ, ಒಟ್ಟು 55.2 ಆಗುತ್ತದೆ. ಜೆಕೆ ಆ್ಯಪ್‌ನಲ್ಲಿ ಇದು ಆರ್‌ಸಿವಿ ಅನ್ನುವ ಹೆಸರಿನಲ್ಲಿದೆ, ಫ್ಲೋಟ್‌ನದು, ಅಂದರೆ ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜಿನದು, ಆರ್‌ಎಫ್‌ವಿ. ಫ್ಲೋಟ್‌ಗೆ 3.35 ಸಾಕು.

ತದ್ವಿರುದ್ಧ ತೊಂದರೆಯೂ ಇದೆ. ಪೈಲಾನ್‌ಟೆಕ್‌ನ ಯುಎಸ್2000, ಯುಎಸ್3000 ಪ್ಯಾಕ್‌ಗಳು 15 ಸೆಲ್‌ನವು. ಬಿಎಂಎಸ್ ಅಥವಾ ಇನ್ವರ್ಟರ್ ಆ ಲೆಕ್ಕದಲ್ಲೇ 53.2 ವೋಲ್ಟ್‌ಗೆ ನಿಲ್ಲಿಸಿದರೆ ನಿಮ್ಮ 16 ಸೆಲ್ ಪ್ಯಾಕ್‌ಗೆ ಸಿಗುವುದು ಸೆಲ್‌ಗೆ 3.325 ಮಾತ್ರ. ಅದು ತುಂಬುವುದೂ ಇಲ್ಲ, ಸೆಲ್‌ಗಳು ಸಮವಾಗುವುದೂ ಇಲ್ಲ.

ಇನ್ವರ್ಟರ್ ನಿಜವಾಗಿ ಮಾತು ಕೇಳುತ್ತಿದೆಯೇ ಅಂತ ಪರೀಕ್ಷಿಸಲು ಹೀಗೆ ಮಾಡಿ. ಹಗಲು ಹೊತ್ತು, ಲೋಡ್ ಕಡಿಮೆ ಇರುವಾಗ, ಇನ್ವರ್ಟರಿನ ಚಾರ್ಜ್ ಮಿತಿಯನ್ನು 20 ಆಂಪ್‌ಗೆ ಇಡಿ. ಚಾರ್ಜ್ ಆಗುತ್ತಿರುವಾಗ ಬಿಎಂಎಸ್ ಆ್ಯಪ್‌ನಲ್ಲಿ ಚಾರ್ಜ್ ಕರೆಂಟ್ ಮಿತಿಯನ್ನು 10ಕ್ಕೆ ಇಳಿಸಿ. ಸ್ವಲ್ಪ ಹೊತ್ತಿನಲ್ಲಿ ಕರೆಂಟ್ 10ಕ್ಕೆ ಇಳಿದರೆ ಇನ್ವರ್ಟರ್ ಕೇಳುತ್ತಿದೆ. ಇಳಿಯದಿದ್ದರೆ ಬಿಎಂಎಸ್ ಚಾರ್ಜ್ ಕಡಿಯಬಹುದು, ಗಾಬರಿ ಬೇಡ. ಅದು ಬರೀ ಶೇಕಡಾ ಓದುತ್ತಿದೆ, ಮಿತಿಯನ್ನು ಪಾಲಿಸುತ್ತಿಲ್ಲ ಅಂತ ತಿಳಿಯಿತು. ಪರೀಕ್ಷೆ ಮುಗಿದ ಮೇಲೆ ಹಳೆಯ ಮಿತಿಗೆ ತನ್ನಿ.

ಆಮೇಲೆ ಸಂಪರ್ಕದ ಕೇಬಲ್ ಕಿತ್ತು ನೋಡಿ. ಇನ್ವರ್ಟರ್ ಎಷ್ಟು ಹೊತ್ತಿಗೆ ಕೂಗುತ್ತದೆ, ಚಾರ್ಜ್ ನಿಲ್ಲಿಸುತ್ತದೋ ಮುಂದುವರಿಸುತ್ತದೋ, ದೀಪ ಆರುತ್ತದೋ? ಇಲಿ ಕೇಬಲ್ ಕಡಿದ ರಾತ್ರಿ ಏನಾಗುತ್ತದೆ ಅಂತ ಇವತ್ತೇ ಗೊತ್ತಿರಲಿ. ವೋಲ್ಟ್ರಾನಿಕ್‌ನ ಪರದೆಯಲ್ಲಿ ಕೋಡ್ 61 ಬಂದರೆ ಸಂಪರ್ಕ ಕಡಿದಿದೆ. 60, 69, 70, 71 ಬಂದರೆ ಸಂಪರ್ಕ ಸರಿ ಇದೆ, ಬ್ಯಾಟರಿಯೇ ಏನೋ ಬೇಡ ಅನ್ನುತ್ತಿದೆ: 69 ಚಾರ್ಜ್ ಬೇಡ, 71 ಡಿಸ್ಚಾರ್ಜ್ ಬೇಡ, 60 ಎರಡೂ ಬೇಡ, 70 ಅಂದರೆ ಈಗಲೇ ಚಾರ್ಜ್ ಬೇಕು. ಈ ನಾಲ್ಕಕ್ಕೆ ಕೇಬಲ್ ಬದಲಾಯಿಸಿ ಪ್ರಯೋಜನವಿಲ್ಲ. ಆ್ಯಪ್ ತೆರೆದು ಸೆಲ್ ವೋಲ್ಟೇಜ್, ಉಷ್ಣತೆ ನೋಡಿ. ಉಷ್ಣತೆ 0 ಡಿಗ್ರಿಗಿಂತ ಕೆಳಗಿದ್ದರೆ ಚಾರ್ಜ್ ಬೇಡ ಅನ್ನುವುದು ಸರಿಯಾದ ನಡವಳಿಕೆ.

ಶೇಕಡಾ ಲೆಕ್ಕದ ಬಗ್ಗೆ ಇಷ್ಟು ತಿಳಿದಿರಲಿ. ಬಿಎಂಎಸ್ ಒಳಗೆ ಬಂದ, ಹೊರಗೆ ಹೋದ ಆಂಪ್ ಕೂಡಿ ಕಳೆದು ಅದನ್ನು ಹೇಳುತ್ತದೆ. ಅಗ್ಗದ ಬಿಎಂಎಸ್‌ಗೆ ತೀರಾ ಸಣ್ಣ ಕರೆಂಟ್ ಕಾಣುವುದೇ ಇಲ್ಲ, ಹಾಗಾಗಿ ಲೆಕ್ಕ ದಿನೇ ದಿನೇ ಜಾರುತ್ತದೆ. ಪೂರ್ತಿ ತುಂಬಿದಾಗ ಮಾತ್ರ ಅದು 100ಕ್ಕೆ ಬಂದು ಸರಿಯಾಗುತ್ತದೆ. ವಾರಕ್ಕೊಂದು ಸಲವಾದರೂ ಪೂರ್ತಿ ತುಂಬಲು ಬಿಡಿ. ಇನ್ವರ್ಟರ್ ಬ್ಯಾಟರಿ ಬಿಡುವ ಮಟ್ಟವನ್ನು 20 ಶೇಕಡಾಕ್ಕಿಂತ ಕೆಳಗೆ ಇಡಬೇಡಿ.

ಆಗಾಗ ಕಡಿದುಹೋಗುತ್ತಿದ್ದರೆ

ಗಂಟೆಗಟ್ಟಲೆ ಚೆನ್ನಾಗಿದ್ದು, ದೊಡ್ಡ ಮೋಟಾರ್ ಚಾಲೂ ಆದಾಗ ಮಾತು ಕಡಿದರೆ ಅದು ಗದ್ದಲದ ತೊಂದರೆ. ಸಂಪರ್ಕದ ಕೇಬಲನ್ನು ದಪ್ಪ ಡಿಸಿ ಕೇಬಲ್‌ಗಳ ಜೊತೆ ಕಟ್ಟಿರುತ್ತೀರಿ. ಬೇರೆ ದಾರಿಯಲ್ಲಿ ಒಯ್ಯಿರಿ, ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಿಸಿ. ಜೋಡಿ ತಂತಿ ಸರಿಯಾಗಿ ಆರಿಸಿದ್ದೀರಾ ಮತ್ತೆ ನೋಡಿ. ರಾತ್ರಿ ಲೋಡ್ ಇಲ್ಲದಾಗ ಕಡಿದರೆ ಬಿಎಂಎಸ್ ನಿದ್ದೆಗೆ ಹೋಗುತ್ತಿರಬಹುದು. ಆ್ಯಪ್‌ನಲ್ಲಿ ಸ್ಲೀಪ್ ಸಮಯ ಹೆಚ್ಚಿಸಿ. ಫರ್ಮ್‌ವೇರ್ ಅಪ್‌ಡೇಟ್ ಕೊನೆಯ ಉಪಾಯವಾಗಿರಲಿ. ನಿಮ್ಮ ಹಾರ್ಡ್‌ವೇರ್ ಆವೃತ್ತಿಯದೇ ಫೈಲ್ ಅಂತ ಲಿಖಿತವಾಗಿ ಖಚಿತವಾಗದೆ ಹಾಕಬೇಡಿ.

ಪೋರ್ಟೇ ಇಲ್ಲದ ಬ್ಯಾಟರಿ

ಬರೀ ಬ್ಲೂಟೂತ್ ಅಥವಾ ಸೀರಿಯಲ್ ಇರುವ ಬಿಎಂಎಸ್ ಆದರೆ ನಡುವೆ ಒಬ್ಬ ದುಭಾಷಿ ಬೇಕು. ಇಎಸ್‌ಪಿ32 ಅನ್ನುವ ಪ್ರೋಗ್ರಾಂ ಮಾಡಬಹುದಾದ ಸಣ್ಣ ಬೋರ್ಡ್‌ನಲ್ಲಿ ಕ್ಯಾನ್ ನಿಯಂತ್ರಕ ಒಳಗೇ ಇದೆ. ಎಸ್‌ಎನ್65ಎಚ್‌ವಿಡಿ230ಯಂಥ ಟ್ರಾನ್ಸಿವರ್ ಸೇರಿಸಿದರೆ ಅದು ಬಿಎಂಎಸ್‌ನಿಂದ ಓದಿ ಪೈಲಾನ್‌ಟೆಕ್ ಫ್ರೇಮ್‌ಗಳನ್ನು ಕಳಿಸಬಲ್ಲದು. ಇದಕ್ಕೆ ತೆರೆದ ತಂತ್ರಾಂಶಗಳೂ ಇವೆ. ವಿಕ್ಟ್ರಾನ್ ಇದ್ದವರಿಗೆ ಅದರದೇ ತಂತ್ರಾಂಶವಾದ ವೀನಸ್ ಓಎಸ್ ಮೇಲೆ ಡಿಬಸ್-ಸೀರಿಯಲ್‌ಬ್ಯಾಟರಿ ಅನ್ನುವ ಡ್ರೈವರ್ ಇದೆ. ಅದು ಜೆಕೆ, ಡಾಲಿ, ಜೆಬಿಡಿಗಳನ್ನು ನೇರವಾಗಿ ಓದುತ್ತದೆ. ಪ್ರೋಗ್ರಾಮಿಂಗ್ ಗೊತ್ತಿರುವವರು ಧೈರ್ಯವಾಗಿ ಮಾಡಬಹುದು. ಒಂದು ಷರತ್ತು: ಓದುವುದು ನಿಂತುಹೋದರೆ ಆ ಬೋರ್ಡ್ ಹಳೆಯ ಅಂಕಿಗಳನ್ನೇ ಕಳಿಸುತ್ತಾ ಇರಬಾರದು, ಕಳಿಸುವುದನ್ನೇ ನಿಲ್ಲಿಸಬೇಕು.

ಏನು ಮಾಡಿದರೂ ಆಗದಿದ್ದರೆ

ಆಗಾಗ ಕಡಿಯುವ ಸಂಪರ್ಕಕ್ಕಿಂತ ಚೆನ್ನಾಗಿ ಹೊಂದಿಸಿದ ವೋಲ್ಟೇಜ್ ವಿಧಾನವೇ ಎಷ್ಟೋ ಮೇಲು. ಇನ್ವರ್ಟರಿನಲ್ಲಿ ಬ್ಯಾಟರಿ ಬಗೆಯನ್ನು ‘ಯೂಸರ್’ ಅಂತ ಇಡಿ. 16 ಸೆಲ್‌ಗೆ ಬಲ್ಕ್ (ತುಂಬಿಸುವ ವೋಲ್ಟೇಜ್) 55.2, ಫ್ಲೋಟ್ 53.6, ಕಡಿಯುವ ಕೆಳಮಟ್ಟ 48.0 ವೋಲ್ಟ್. ಸೀಸದ ಬ್ಯಾಟರಿಗೆಂದು ಇರುವ ಈಕ್ವಲೈಸೇಶನ್ ಮತ್ತು ಉಷ್ಣತೆಯ ಹೊಂದಾಣಿಕೆ ಎರಡನ್ನೂ ಆಫ್ ಮಾಡಿ. 100 ಆಂಪ್-ಅವರ್ ಪ್ಯಾಕ್‌ಗೆ ಚಾರ್ಜ್ ಕರೆಂಟ್ 50 ಆಂಪ್ ದಾಟದಿರಲಿ, ಬಿಸಿಲು ಸಾಕಷ್ಟಿದ್ದರೆ 30 ಸಾಕು. ಕರೆಂಟ್ ಕಡಿಮೆಯಾದಷ್ಟೂ ಸೆಲ್‌ಗಳನ್ನು ಸಮ ಮಾಡಲು ಬಿಎಂಎಸ್‌ಗೆ ಹೆಚ್ಚು ಸಮಯ ಸಿಗುತ್ತದೆ.

ಸಂಪರ್ಕ ಚೆನ್ನಾಗಿ ನಡೆಯುತ್ತಿರುವವರೂ ಈ ಅಂಕಿಗಳನ್ನು ಇನ್ವರ್ಟರಿನ ಪಕ್ಕ ಒಂದು ಚೀಟಿಯಲ್ಲಿ ಅಂಟಿಸಿಡಿ. ಅದೇ ಚೀಟಿಯಲ್ಲಿ ಕೇಬಲಿನ ಎರಡೂ ತುದಿಯ ಪಿನ್ ಸಂಖ್ಯೆ, ಡಿಪ್ ವಿಳಾಸ, ಎರಡೂ ಕಡೆಯ ಪ್ರೋಟೋಕಾಲ್ ಆಯ್ಕೆ, ಬಿಎಂಎಸ್ ಮತ್ತು ಇನ್ವರ್ಟರಿನ ಫರ್ಮ್‌ವೇರ್ ಆವೃತ್ತಿ, ಆ್ಯಪ್ ಪಾಸ್‌ವರ್ಡ್ ಎಲ್ಲಿದೆ ಅನ್ನುವುದೂ ಇರಲಿ. ನೀವು ಊರಲ್ಲಿ ಇಲ್ಲದಾಗ ಎರರ್ ಬಂದರೆ ಮನೆಯಲ್ಲಿರುವವರು ಅದನ್ನು ನೋಡಿ ಯೂಸರ್ ವಿಧಾನಕ್ಕೆ ಬದಲಾಯಿಸಿಕೊಳ್ಳುತ್ತಾರೆ.